ಜೂನ್ ಒಂದು

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೆ.
ಸಾಲಿಗೆ ಹೆಸರು ಹಚ್ಚುವ ದಿನ ಮಾಸ್ತರರು
ಬಲಗೈ ತಲೆಯ ಮೇಲಿಂದ ಬಂದು
ಎಡಗಿವಿ ಮುಟ್ಟಿತೇ ನೋಡಿ
ಬರೆದುಬಿಟ್ಟ ತಾರೀಖು ಅದು.

ವಿಜಯಪುರದ ಈ ಎಕ್ಸ್‌ರೇ ಕೋಣೆಯಲ್ಲಿ
ಹದಿನಾರು ವರ್ಷದಿಂದ ನಾನು ಕೇಳುತ್ತ ಬಂದಿದ್ದೇನೆ: ವಯಸ್ಸು?
"ದೊಡ್ಡ ಬರದಾಗ ನಾ ತೊಟ್ಟಿಲದಾಗಿದ್ದೆ."
"ನಿಮಗೆಷ್ಟ ಅನಸ್ತೈತಿ, ಬರ್ಕೋರಿ."
ಬರೆದುಕೊಳ್ಳುತ್ತೇನೆ.

ಮೊನ್ನೆ ತಮ್ಮ ಅಲ್ಲಾಬಕ್ಷ ಸಮುದ್ರದಿಂದ ಬಂದ.
ಟ್ಯೂನಾ ಹಡಗಿನಲ್ಲಿ ಅವನದು ಹಿಡಿಯುವ ಕೆಲಸವಲ್ಲ,
ಹಿಡಿದದ್ದನ್ನು ಎಣಿಸುವುದು.
"ಬಲೆ ಇಲ್ಲ ಆಪಾ, ಒಂದೇ ಹಗ್ಗ.
ನಮ್ಮ ಹೊಸ್ತಿಲಿಗೆ ಗಂಟು ಹಾಕಿ ಬಿಡ್ತಾ ಹೋದ್ರ
ಕೊಲ್ಹಾರದ ಹೊಳಿ ಮುಟ್ಟತೈತಿ.
ನಲವತ್ತ ಹೆಜ್ಜಿಗೊಂದು ಗಾಳ.
ಟ್ಯೂನಾಕ್ಕಂತ ಹಾಕಿದ್ದು, ಖರೆ.
ಹಸದವ್ರು ಯಾರರೆ ಬರ್ತಾರ,
ಗಾಳ ಏನ ಹೆಸರ ಕೇಳತೈತೇನು?"

ಅವನ ವಹಿಯಲ್ಲೊಂದು ಕಟ್ಟು: ಬೇಡದೆ ಬಂದವು.
ಉದ್ದ ಎಷ್ಟು, ಗಂಡೋ ಹೆಣ್ಣೋ, ಜೀವ ಇತ್ತೋ ಇಲ್ಲವೋ.
ಇದ್ದರೆ ದಾರ ಕತ್ತರಿಸಿ ನೀರಿಗೆ ಬಿಡುವುದು.
ಇಲ್ಲದಿದ್ದರೂ ನೀರಿಗೇ.

ಮಾತ್ರೆಯ ಡಬ್ಬಿ ತೆಗೆದು ಅಂಗೈಗೆ ಸುರಿದ:
ಶಾರ್ಕಿನ ಬೆನ್ನುಮಣಿ, ಒಂದೇ,
ಕೋಟಿನ ಗುಂಡಿಯಷ್ಟು, ಎರಡೂ ಕಡೆ ಬಟ್ಟಲಿನ ತಗ್ಗು.
ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದ ಹೊತ್ತು
ಎಳೆಗೂಸಿನ ಬೆರಳಿಗೆ ಇಡುವಷ್ಟೇ ಕಿರಣ ಇಟ್ಟು
ಫಿಲಂ ತೆಗೆದೆ. ತೊಳೆದು, ಹಸಿಯಿದ್ದಾಗಲೇ
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ.

ಬಳೆಯೊಳಗೆ ಬಳೆ, ಬಳೆಯೊಳಗೆ ಬಳೆ.
ಒಳಗಿನವು ಸಡಿಲ, ಹೊರಹೊರಗೆ ಬಂದಂತೆ ಇಕ್ಕಟ್ಟು:
ಮೊದಲು ಗೇಣು ಗೇಣು ಬೆಳೆದವಳು
ಆಮೇಲೆ ಬೆರಳು ಬೆರಳು.

ನಾನು ಎಣಿಸಿದರೆ ಹತ್ತು, ಅವನು ಎಣಿಸಿದರೆ ಒಂಬತ್ತು.
ಹುಣಸೆಬೀಜಕ್ಕೆ ಜಗಳಾಡಿದ ಹಾಗೆ ಆಡಿದೆವು, ಈ ವಯಸ್ಸಿನಲ್ಲಿ.
"ತೀರ ಒಳಗಿಂದು ವರ್ಷ ಅಲ್ಲ ಆಪಾ,
ಹುಟ್ಟಿದ ಗುರ್ತು."

ಹುಟ್ಟಿದ ಗುರುತು.
ಯಾವ ಮಾಸ್ತರರೂ ಬರೆಯದೆ, ತನ್ನ ಮೈಯಲ್ಲೇ.
ನಾನು ಬೆರಳಿಟ್ಟು ನೋಡಿದೆ. ಫಿಲಂ ಇನ್ನೂ ತಣ್ಣಗಿತ್ತು.

"ಬಸುರಾಗಾಕ ಇನ್ನೂ ಮೂರ ನಾಕ ವರ್ಷ ಬೇಕಿತ್ತು ಈಕಿಗೆ.
ಗಾಳ ಯಾವಾಗ ನುಂಗಿದ್ಲೊ.
ಈಸಿದ್ರ ಅಷ್ಟ ಉಸಿರ ಇವಕ್ಕ.
ಕಟ್ಟಿ ನಿಲ್ಲಿಸಿದ್ರ, ನೀರಾಗ ಇದ್ದೂ..."
ಮುಂದಿನದು ಹೇಳದೆ ಚಹಾ ತರಲು ಹೋದ.

ಬಾಗಿಲಲ್ಲಿ ದುಂಡವ್ವ, ಲಿಂಬಿ ಬಜಾರಿನಿಂದ,
ಚೀಲ ಹೊತ್ತೂ ಹೊತ್ತೂ ಹಿಡಿದುಕೊಂಡ ಸೊಂಟ.
ಪೆಟ್ಟಿಗೆಯ ಬೆಳಕು ನೋಡಿದಳು.
"ಇದ್ಯಾರ ಬೆನ್ನವ್ವಾ?"
"ಒಬ್ಬಾಕಿದು."
"ವಯಸ್ಸ?"
"ಒಂಬತ್ತು."
"ಅಯ್ಯ! ಅಂಥಾದ್ದೇನ ಹೊತ್ತಿತ್ತು ಕೂಸು?"

ಅವಳ ಆಧಾರ ಕಾರ್ಡು ತಿರುವಿದೆ. ಜೂನ್ ಒಂದು.
ಮಲಗಿಸಿದೆ. ಸೊಂಟದಡಿ ಕ್ಯಾಸೆಟ್ ಸರಿಸಿದೆ.
ಗಾಜಿನ ಹಿಂದೆ ಬಂದು ದಿನಾ ಹೇಳುವುದನ್ನೇ ಹೇಳಿದೆ:
ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ.

ಯಂತ್ರ ಗುಂಯ್ ಅಂದು ಸುಮ್ಮನಾಯಿತು.
ಗಾಜಿನಾಚೆ ದುಂಡವ್ವ, ಗಲ್ಲ ಉಬ್ಬಿಸಿಕೊಂಡು,
ನನ್ನನ್ನೇ ನೋಡುತ್ತ ಮಲಗಿದ್ದಳು.
ಬಿಡ್ರಿ ಅನ್ನುವುದನ್ನು
ನಾನಿನ್ನೂ ಅಂದಿರಲಿಲ್ಲ.