ಊಜಿಗೊಂದು ಹೂಜಿ

ಮಳ್ಳೂರಿನ ಅಕ್ಕಯ್ಯಮ್ಮನಿಗೆ ಗಿಡ ಮಾರಿದವನು
ಹೆಸರು ಹೇಳಲಿಲ್ಲ.
'ನೊಣ ತಿನ್ನುತ್ತೆ' ಎಂದಷ್ಟೇ ಹೇಳಿ
ಇನ್ನೂರೈವತ್ತು ಎಣಿಸಿಕೊಂಡ.

ಅವಳಿಗೆ ಅಷ್ಟು ಸಾಕಿತ್ತು. ಹೋದ ಬೆಳೆಯಲ್ಲಿ
ನಾಲ್ಕನೇ ಜ್ವರದಿಂದ ಎದ್ದ ಹುಳುಗಳ ಮೈಮೇಲೆ
ಊಜಿ ಬಿಟ್ಟುಹೋದ ಕಪ್ಪು ಬೊಟ್ಟು
ಎಣಿಸಿ ಎಣಿಸಿ ಕೈಬಿಟ್ಟವಳು.

ಚಾಕಿ ಕೋಣೆಯ ಒದ್ದೆ ಗೋಣಿಯ ಪಕ್ಕ
ಕುಂಡ ತೂಗುಹಾಕಿ ಕರೆಸಿದಳು.
'ಗಿಡದ ಮೇಷ್ಟ್ರಲ್ವಾ ನೀವು, ಈ ಊಜಿಗಿಡದ ಜಾತಿ ಯಾವುದು?'
(ನಮ್ಮ ಕಡೆ ನಾಲಿಗೆಗೆ ಹಕಾರ ಭಾರ;
ನೊಣವೂ ಊಜಿ, ಗಿಡವೂ ಊಜಿ.)

ಮನುಷ್ಯರದಾದರೆ ಕೇಳದೆಯೇ ಗೊತ್ತಾಗುತ್ತದೆ ಇಲ್ಲಿ,
ಎಲ್ಲಿ ಕೂರಿಸಿದರು, ಯಾವ ಲೋಟ ಕೊಟ್ಟರು.
ಗಿಡಕ್ಕೆ ಭೂತಗನ್ನಡಿ ಬೇಕು.

ಹಿಡಿದು ನೋಡಿದೆ.
ಎಲೆಯ ನಡುನರ ತುದಿ ದಾಟಿ ಬಳ್ಳಿಯಾಗಿ
ಬಳ್ಳಿಯ ಕೊನೆಗೆ ಮೊಟ್ಟೆಯಂಥ ಹೂಜಿ,
ಕಾಂಡದ ಮೇಲೆ ತುಕ್ಕಿನ ಬಣ್ಣದ ನವಿರು.
ಮೇಘಾಲಯದ್ದೋ? ಅಲ್ಲ, ಅದರದು ನೀಳ ಮೈ.
ಇದು ಸಮುದ್ರದಾಚೆಯ ತಗ್ಗುಕಾಡಿನದು,
ಬೆವರುವ ಜೌಗಿನದು. ಆದರೆ ಯಾವುದು?
ಪುಸ್ತಕ ತೆಗೆದೆ, ಕನ್ನಡಕ ಒರೆಸಿದೆ,
ಬಾಯಂಚು ಮುಟ್ಟಿದೆ: ಒಳಕ್ಕೆ ಇಳಿದಿತ್ತು.
ಮುಚ್ಚಳದಡಿ ಜೇನಿನ ಗುಳಿ ಹುಡುಕಿದೆ:
ಒಂದೂ ಕಾಣಲಿಲ್ಲ.

ಮುಚ್ಚಳವೂ ಮುಚ್ಚುವಂಥದ್ದಲ್ಲ,
ಕಿರಿದಾಗಿ ಹಿಂದಕ್ಕೆ ಮಡಚಿ
ಸೆರಗು ಜಾರಿದ್ದು ಗೊತ್ತಿಲ್ಲದೆ
ಮೇಲೆ ನೋಡುತ್ತ ನಿಂತವಳಂತೆ.

ಆಗ ತಿಳಿಯಿತು. ಹೇಳಲು ಬಾಯಿ ಬರಲಿಲ್ಲ.
ಆಂಪುಲೇರಿಯಾ.
ನೊಣ ತಿನ್ನುವ ಕುಲದಲ್ಲಿ ಹುಟ್ಟಿ
ಮರ ಉದುರಿಸಿದ ತರಗೆಲೆಗೆ ಕಾಯುವುದನ್ನು
ಅಭ್ಯಾಸ ಮಾಡಿಕೊಂಡದ್ದು.
'ಬಿದ್ದ ಇರುವೆ ಬಿಡಲ್ಲ, ಅಕ್ಕಯ್ಯಮ್ಮ.
ಆದರೆ ಊಜಿಯನ್ನ ಕರೆಯೋದೂ ಇಲ್ಲ.
ಇದು ಎಲೆ ತಿನ್ನೋದು.'

ಅವಳು ತಟ್ಟೆಗಳ ಕಡೆ ತಿರುಗಿದಳು.
ಎರಡನೇ ಜ್ವರ ಮುಗಿಸಿದ ಸಾವಿರಾರು ಬಾಯಿ
ಹಿಪ್ಪುನೇರಳೆ ಮೇಯುತ್ತಿದ್ದವು,
ಯಾರೋ ಹೊಸ ಸೀರೆಯ ಮಡಿಕೆ ಬಿಚ್ಚಿದಂತೆ ಸದ್ದು.
'ಹಂಗಾದ್ರೆ ದುಡ್ಡು ಕೊಟ್ಟು
ಇನ್ನೊಂದು ಹುಳ ತಂದೆ ಅನ್ನಿ.'

ಹೆಚ್ಚಿ ಉಳಿದ ಸೊಪ್ಪಿನ ಚೂರೊಂದನ್ನು
ಎರಡು ಬೆರಳಲ್ಲಿ ಹಿಡಿದು
ತೀರ ಕೆಳಗಿನ ಹೂಜಿಗೆ ಹಾಕಿದಳು.
ಆಮೇಲೆ ಟೀ ಬಂತು,
ಮನೆಯವರ ಲೋಟದಲ್ಲೇ.

ಹೆಸರನ್ನು ಚೀಟಿಯಲ್ಲಿ ಬರೆದು ಕುಂಡಕ್ಕೆ ಸಿಕ್ಕಿಸಿದ್ದೆ.
ಮುಂದಿನ ವಾರ ಹೋದಾಗ
ಅದೂ ಹೂಜಿಯೊಳಗೆ ನೆನೆಯುತ್ತಿತ್ತು,
ಅರ್ಧ ಶಾಯಿ ನೀರಾಗಿ.
ಹಾಳೆಯೂ ಎಲೆಯೇ ಅಂದುಕೊಂಡಳೋ,
ಮೊಮ್ಮಗು ಹಾಕಿತೋ.
ಕಿಟಕಿಯ ಬಲೆಗೆ ಹೊರಗಿನಿಂದ
ಒಂದು ಊಜಿ ತಲೆ ಬಡಿಯುತ್ತಲೇ ಇತ್ತು.