ಹದಿನಾಲ್ಕನೇ ಗಾಜು

ಪುನರ್ಪುಳಿಯ ಸಿಪ್ಪೆ ಎಂಟು ದಿನ ಒಣಗಿತು
ಪೆರ್ಮನ್ನೂರಿನ ನಮ್ಮ ತಾರಸಿಯ ಮೇಲೆ,
ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು.
ಅಪ್ಪೆ ಎರಡು ಪಾಲು ಮಾಡಿದಳು:
ಒಂದು ಸಾರಿಗೆ, ಒಂದು "ನಿನ್ನ ಇಲಿಗಳಿಗೆ".

ದೇರಳಕಟ್ಟೆಯ ಪ್ರಯೋಗಾಲಯದಲ್ಲಿ
ಇಲಿಗಳನ್ನು ಇದ್ದಿನಬ್ಬಾಕ ನೋಡಿಕೊಳ್ಳುತ್ತಾರೆ.
ಬೆಳಿಗ್ಗೆ ಕೆಂಪು ಕಷಾಯ, ತೂಕಕ್ಕೆ ತಕ್ಕಷ್ಟು, ಹನಿ ಹೆಚ್ಚಿಲ್ಲ.
"ಪಿತ್ತಕ್ಕೆ ಒಳ್ಳೆಯದು, ಕುಡಿ ಮಗಳೇ" ಅನ್ನುತ್ತಾರೆ
ಹೆಸರಿಲ್ಲದ, ಬಾಲದಲ್ಲಿ ಅಂಕಿ ಬರೆದ ಪ್ರಾಣಿಗೆ.

ಆಮೇಲಿನದು ಮೇಡಂ ಕೈ.
ಮತ್ತು ಬರಿಸಿ, ಅಂಡಾಶಯದ ತೊಟ್ಟು ತಿರುಚಿ
ಮೂರು ಗಂಟೆ ಹಾಗೇ ಬಿಡುವುದು,
ಬಳಿಕ ಬಿಚ್ಚುವುದು.
ಗಾಯವಾಗುವುದು ಕಟ್ಟಿದಾಗ ಅಂದುಕೊಂಡಿದ್ದೆ ನಾನು.
ಅದು ಅರ್ಧ ಮಾತ್ರವಂತೆ:
ನಿಂತ ರಕ್ತ ಮರಳಿ ಬರುತ್ತದಲ್ಲ, ಆಗ,
ಉಸಿರು ಕೊಡಲೆಂದು ಬಂದದ್ದೇ
ಕಿಡಿ ಹಾರಿಸಿ ಸುಡುತ್ತದಂತೆ.
ಆ ಕಿಡಿ ಹಿಡಿಯಲು ಸಿಪ್ಪೆಯ ಬಣ್ಣಕ್ಕೆ
ಆಗುತ್ತದೋ ಇಲ್ಲವೋ,
ಇಷ್ಟೇ ಪ್ರಶ್ನೆ.

ನನ್ನ ಕೆಲಸ ಮೇಣದಲ್ಲಿ ಹುದುಗಿಸಿ ಕೊಯ್ಯುವುದು.
ಐದು ಮೈಕ್ರಾನ್. ಈರುಳ್ಳಿ ಸಿಪ್ಪೆಯೂ ಇದರ ಮುಂದೆ ಕಂಬಳಿ.
ಬೆಚ್ಚನೆಯ ನೀರಲ್ಲಿ ತೇಲುವ ಪಟ್ಟಿಯನ್ನು
ಗಾಜಿನ ಮೇಲೆ ಎತ್ತಿ, ಬಣ್ಣ ಹಾಕಿ, ಎಣಿಸುವುದು.
ಯಾವ ಗಾಜು ಯಾವ ಇಲಿಯದು ನನಗೆ ಹೇಳುವುದಿಲ್ಲ;
ಆಸೆ ಲೆಕ್ಕ ತಪ್ಪಿಸುತ್ತದೆ ಅನ್ನುತ್ತಾರೆ ಮೇಡಂ.

ಹತ್ತೊಂಬತ್ತರಲ್ಲಿ ನನಗೂ ತಿರುಚಿತ್ತು, ಎಡಗಡೆಯದು.
ಗ್ಯಾಸ್ಟ್ರಿಕ್ ಅಂದರು, ಓಮದ ನೀರು ಕೊಟ್ಟರು,
ತೊಕ್ಕೊಟ್ಟಿಗೆ ರಿಕ್ಷಾ ಸಿಗುವ ಹೊತ್ತಿಗೆ ಬೆಳಗಾಗಿತ್ತು.
ಕಪ್ಪಾಗಿತ್ತು, ತೆಗೆದೆವು, ಇನ್ನೊಂದಿದೆ ಸಾಕು, ಎಂದರು ಡಾಕ್ಟರು,
ಕೊಡೆ ಕಳೆದವರಿಗೆ ಹೇಳುವ ಹಾಗೆ.
ನೋಡಲು ಬಂದ ಎರಡು ಸಂಬಂಧಕ್ಕೂ ಅಪ್ಪೆ ಅದನ್ನು ಹೇಳಲಿಲ್ಲ.
ನಾನು ಹೇಳಿದೆ.

ಹದಿನಾಲ್ಕನೇ ಗಾಜು.
ನೇರಳೆ, ತೆಳು ಗುಲಾಬಿ. ರಕ್ತ ಸೋರಿದ ಕಲೆ ಅಂಚಲ್ಲಿ ಮಾತ್ರ.
ನಡುವೆ ದುಂಡಗೆ, ಸುತ್ತಿನ ಕಣಗಳ ಸಾಲು ಕೆಡದೆ,
ಒಂದು, ಎರಡು,
ಹನ್ನೊಂದು.
ಮತ್ತೆ ಎಣಿಸಿದೆ. ಹನ್ನೊಂದೇ.
ಕಷಾಯ ಕುಡಿದದ್ದಿರಬೇಕು ಇದು. ಇರಲಿಕ್ಕೂ ಇಲ್ಲ.
ಪುಸ್ತಕದಲ್ಲಿ ಅಂಕಿಯಷ್ಟೇ ಬರೆದೆ.

ರಾತ್ರಿ ಅಪ್ಪೆ ಕೇಳಿದಳು, ಏನಾಯ್ತು ನನ್ನ ಸಿಪ್ಪೆ?
ಗೊತ್ತಿಲ್ಲ, ಹದಿನೈದನೆಯದು ನಾಳೆ, ಅಂದೆ.
ಸಾರು ತುಸು ಹೆಚ್ಚೇ ಹುಳಿಯಾಗಿತ್ತು.
ಇನ್ನೊಂದು ಸೌಟು ಹಾಕಿಸಿಕೊಂಡೆ.