ಷರಾ: ಮೂರನೇ ಪಾಳಿ, ಭೋಸರಿ

ಆಟದ ಹೆಸರು ‘ಏಳು ಪಾವಟಿಗಿ ಬಾವಿ’.
ಬೆಲೆ ಮುನ್ನೂರಾ ನಲವತ್ತೊಂಬತ್ತು,
ಅಂದ್ರ ಗೇಟಿನ ಹೊರಗಿನ ಗಾಡಿಯೊಳಗ
ಇಪ್ಪತ್ತಮೂರು ವಡಾಪಾವ್, ಮ್ಯಾಲ ನಾಕು ರೂಪಾಯಿ ಚಿಲ್ಲರ.
ಮಾಡಿದವರು ಇಬ್ಬರ ಅಂತ, ಅಕ್ಕ ತಮ್ಮ.
ಕಡೀಗೆ ಬರೋ ಹೆಸರಿನ ಪಟ್ಟಿ
ನನ್ನ ಪಗಾರ ಚೀಟಿಗಿಂತ ಗಿಡ್ಡ.

ನಾ ಲೇಥ್ ಆಪರೇಟರ್. ಹದಿನೇಳು ವರ್ಷ ಆತು.
ಮಾತು ಇಂಡಿ ತಾಲೂಕಿಂದು, ಕೈ ಭೋಸರೀದು.
ವಿಮರ್ಶೆ ಅಂದ್ರ ನನಗ ಗೊತ್ತಿರೋದು ಒಂದ:
ಪೀಸಿಗೆ ಗೇಜ್ ಹಾಕೋದು.
ಗೇಜಿನ ಒಂದ ತುದಿ ಒಳಗ ಹೋಗಬೇಕು,
ಇನ್ನೊಂದ ತುದಿ ಹೋಗಬಾರದು.
ಹತ್ತಕ್ಕ ಏಳೂವರಿ ಅಂತ
ಯಾವ ಗೇಜೂ ಹೇಳಂಗಿಲ್ಲ.

ಕತಿ ಹಿಂಗೈತಿ. ಒಬ್ಬಾಕಿ ಸಾಣೆಗಾರ್ತಿ,
ಬೆನ್ನ ಮ್ಯಾಲ ಸಾಣಿ ಚಕ್ರ ಹೊತ್ತು ಬಾವಿಗೆ ಇಳೀತಾಳ.
ಪಾವಟಿಗಿಗೊಂದು ಮೃಗ.
ಹನ್ನೆರಡು ಏಟಿಗೆ ಕತ್ತಿ ಮೊಂಡ.
ಆಮ್ಯಾಲ ಯುದ್ಧದ ನಡುವ ಕುಂತು
ಸಾಣಿ ಹಿಡೀಬೇಕು. ಮೃಗ ಕಾಯಂಗಿಲ್ಲ.
ಮೊಂಡ ಟೂಲ್ ಹಾಕಿ ಅವಸರ ಮಾಡಿದ ಹುಡುಗರನ್ನ ನೋಡೀನಿ,
ಆಟದಾಗೂ ಅವರ ಹಣೇಬರಹ ಅದ.

ಅಳತಿ: ಕತ್ತಿ ತಾಕಿದಂಗ ಕಂಡಲ್ಲೆ ತಾಕತೈತಿ,
ಕೂದಲೆಳಿ ತಪ್ಪಿದ್ರ ತಪ್ಪತೈತಿ.
ಸಾವಿರಾರು ರೂಪಾಯಿ ಆಟದಾಗ
ಗಾಳಿ ಬಡದು ಸತ್ತೀನಿ ನಾ. ಇಲ್ಲಿ
ಸತ್ತದ್ದೆಲ್ಲಾ ನನ್ನ ತಪ್ಪಿಗೇ.

ದೋಷ: ಮೂರನೇ ಪಾವಟಿಗಿಯ ಮೂಲ್ಯಾಗ ಉಳ್ಳಿದ್ರ
ಗ್ವಾಡಿಯೊಳಗ ಸಿಗಬೀಳ್ತೀರಿ, ಬಂದ್ ಮಾಡಿ ಚಾಲೂ ಮಾಡಬೇಕು.
ಅಕ್ಷರ ಇರುವಿಯಷ್ಟು.
ಇನ್ನೊಂದು. ಸಾಣಿ ಹಿಡಿಯೋವಾಗ
ಚಕ್ರ ಒಂದ ದಿಕ್ಕಿಗೆ, ಕಿಡಿ ಇನ್ನೊಂದ ದಿಕ್ಕಿಗೆ.
ಅಕ್ಕ ತಮ್ಮ ಇಬ್ಬರೂ
ಸಾಣಿ ಮುಂದ ಒಂದ ದಿನಾನೂ ನಿಂತಿಲ್ಲ,
ಅದಷ್ಟ ಖಾತ್ರಿ.
ಎರಡ ರಾತ್ರಿ ಇದ ಸಿಟ್ಟಿನಾಗ ಆಡಿದೆ.

ಐದನೇ ಪಾವಟಿಗಿ ಮೃಗ ನನ್ನ
ನಲವತ್ತೊಂದು ಸಲ ಕೊಂದಿತು.
ಐತವಾರ ದಗಡೂ ಕಾಂಬಳೆ ಖೋಲಿಗೆ ಬಂದ, ಲಾಂಡೇವಾಡಿಗೆ.
ನಾಕನೇ ಪ್ರೆಸ್ಸು ಅವನ ಬಲಗೈ ತೋರಬೆರಳು ತಿಂದು
ಆರು ವರ್ಷ. ಅಂದಿನಿಂದ ಆ ಕೈ
ಚಾ ಕುಡಿಯೋವಾಗೂ ಕಿಸೇದಾಗ.
‘ನೀ ಆಡು, ನಾ ನೋಡ್ತೀನಿ’ ಅಂದ.
ಸೆಟ್ಟಿಂಗ್ ತಗದೆ. ಅಲ್ಲಿತ್ತು:
ಯಾವ ಬಟನ್ ಆದ್ರೂ ಯಾವ ಬೆರಳಿಗೆ ಬೇಕಾದ್ರೂ.
ಉಳ್ಳೋ ಬಟನ್ನು ಹೆಬ್ಬೆರಳಿಗೆ ತಂದು ಕೊಟ್ಟೆ.
ಮಾತಿಲ್ಲ. ಫ್ಯಾನ್ ಸಪ್ಪಳ, ಕೆಳಗ ಗಿರಣಿ ಸಪ್ಪಳ.

ಒಂಬತ್ತನೇ ಸಲಕ್ಕ ಹೊಡದ.
‘ಸೋಪಂ ಆಹೆ ರೇ’ ಅಂದ. ಸುಳ್ಳ.
ಬೆವರು ಗದ್ದಕ್ಕ ಇಳದಿತ್ತು.
ಆಮ್ಯಾಲ ಚಾ ತಂದೆ,
ನಾಕು ಬೆರಳಿಲೆ ಗ್ಲಾಸ್ ಹಿಡದು ಕುಡದ,
ಆರನೇ ಮೃಗದ ಮಾತಾಡಕೋತ.
ಕೈಗೆ ಕಿಸೆ ಐತಿ ಅನ್ನೋದು
ಅವತ್ತ ಅವಗ ನೆನಪಾಗಲಿಲ್ಲ.
ನಾನೂ ನೆನಪ ಮಾಡಲಿಲ್ಲ.

ಸೋಮವಾರ ಪಾಳಿಗೆ ಬಂದು ಟೂಲಿಗೆ ಸಾಣಿ ಹಿಡದೆ.
ಕಿಡಿ ತಮ್ಮ ದಾರಿ ಹಿಡದು ಕೆಳಗ ಬಿದ್ದುವು.
ಬಾವಿಯೊಳಗ ಅವು ಉಲ್ಟಾ ಹಾರತಾವ,
ಅಕಿ ಮಾರಿಗೆ, ಕಣ್ಣು ಪಿಳುಕಿಸದ ಮಾರಿಗೆ.
ದೋಷ ಅಂತ ಬರದೀನಿ, ಹೊಡದು ಹಾಕಂಗಿಲ್ಲ.
ಆದ್ರ ರಿಜೆಕ್ಟ್ ಬುಟ್ಟಿಗೂ ಹಾಕಂಗಿಲ್ಲ.

ಏಳನೇದರೊಳಗ ಏನೈತಿ, ನನಗ ಗೊತ್ತಿಲ್ಲ.
ದಗಡೂಗ ಗೊತ್ತು, ಹೇಳವಲ್ಲ.
ಕಡಿಮಿ ಬೆಲೆಗೆ ಬರಲಿ ಅಂತ ಕಾಯಬ್ಯಾಡ್ರಿ.
ಇಪ್ಪತ್ತಮೂರು ವಡಾಪಾವ್
ಒಂದ ಕುಂದ್ರಿಕಿಗೆ ಯಾರೂ ತಿನ್ನಂಗಿಲ್ಲ.